ಕುಂಡದ ಬೇರು, ಬಾಲ್ಕನಿಯ ತೋಟ

ನೆಲದ ಗಿಡಕ್ಕೂ ಕುಂಡದ ಗಿಡಕ್ಕೂ ಮುಖ್ಯ ವ್ಯತ್ಯಾಸ ಇರುವುದು ಬೇರಿನಲ್ಲಿ. ನೆಲದಲ್ಲಿ ನೀರು ಸಾಲದಾದರೆ ಬೇರು ಆಳಕ್ಕೆ ಇಳಿಯುತ್ತದೆ. ಸಾರ ಸಾಲದಾದರೆ ಪಕ್ಕಕ್ಕೆ ಹರಡುತ್ತದೆ. ಕುಂಡದಲ್ಲಿ ಈ ಎರಡು ದಾರಿಯೂ ಮುಚ್ಚಿವೆ. ಅಲ್ಲಿ ಬೇರು ಇದ್ದಲ್ಲೇ ಇರಬೇಕು, ಬೇಕಾದದ್ದು ಅದರ ಬಳಿಗೇ ಬರಬೇಕು. ಮಣ್ಣು, ನೀರು, ಗಾಳಿ, ಗೊಬ್ಬರ ಎಲ್ಲವೂ ಬೆಳೆಸುವವರ ಕೈಯಿಂದಲೇ ಸಿಗಬೇಕು. ಬಾಲ್ಕನಿ ತೋಟದ ನಿಯಮಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂದು ಬಾಲ್ಕನಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಗಲ ನಾಲ್ಕೈದು ಅಡಿ, ಉದ್ದ ಹತ್ತು ಅಡಿ. ಒಂದು ಕಡೆ ಬಟ್ಟೆ ಒಣಹಾಕುವ ಹಗ್ಗ, ಇನ್ನೊಂದು ಕಡೆ ವಾಷಿಂಗ್ ಮಷೀನು. ಮೇಲುಗಡೆ ಮೇಲಂತಸ್ತಿನವರ ಬಾಲ್ಕನಿಯೇ ಚಾವಣಿ. ಇಷ್ಟು ಜಾಗದಲ್ಲಿ ಏನು ಬೆಳೆಯಬಹುದು? ನಗರದ ಹವೆಯೇನೋ ಅನುಕೂಲಕರವಾಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಇದು. ಬೇಸಿಗೆ ರಾಯಚೂರು, ಕಲಬುರಗಿಗಳಷ್ಟು ಉರಿಯದು. ಚಳಿ ಗಿಡವನ್ನು ಕೊಲ್ಲುವಷ್ಟು ಬೀಳದು. ಹನ್ನೆರಡು ತಿಂಗಳೂ ಏನಾದರೊಂದು ಬೆಳೆ ಇರಬಹುದು.

ಮೊದಲ ವಿಷಯ ಬೆಳಕು. ಮಣ್ಣನ್ನು ತರಬಹುದು, ನೀರನ್ನು ಹಾಕಬಹುದು, ಬಿಸಿಲನ್ನು ಮಾತ್ರ ತಂದುಕೊಡಲಾಗದು. ಆದ್ದರಿಂದ ಬೆಳೆಯನ್ನು ಆರಿಸುವುದು ಮನೆಯವರ ಆಸೆಯಲ್ಲ, ಬಾಲ್ಕನಿಯ ದಿಕ್ಕು. ಕೇಳುಗರು ತಮ್ಮ ಬಾಲ್ಕನಿ ಯಾವ ಕಡೆಗೆ ತೆರೆದಿದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಪೂರ್ವದ ಬಾಲ್ಕನಿಗೆ ಬೆಳಗಿನ ಎಳೆಬಿಸಿಲು ಮೂರು ನಾಲ್ಕು ಗಂಟೆ ಸಿಗುತ್ತದೆ. ಸೊಪ್ಪುಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಶ್ಚಿಮದ ಬಾಲ್ಕನಿಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಬಿರುಬಿಸಿಲು. ಬದನೆ, ಬೆಂಡೆ, ಮೆಣಸಿನ ಗಿಡ ಅದನ್ನು ತಾಳುತ್ತವೆ. ಕೊತ್ತಂಬರಿ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಬಾಡಿಹೋಗುತ್ತದೆ.

ದಕ್ಷಿಣ ಮತ್ತು ಉತ್ತರದ ಬಾಲ್ಕನಿಗಳ ಲೆಕ್ಕ ಬೇರೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಬಾಲ್ಕನಿಯ ಒಳಗಿನವರೆಗೂ ಬಿಸಿಲು ಬರುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ತಪ್ಪಿ, ಉತ್ತರದ ಬಾಲ್ಕನಿಗೆ ಬೆಳಗ್ಗೆ, ಸಂಜೆ ಸ್ವಲ್ಪ ಸಿಗುತ್ತದೆ. ಡಿಸೆಂಬರ್‌ನಲ್ಲಿ ಟೊಮೇಟೊ ಬಿಟ್ಟ ಜಾಗದಲ್ಲೇ ಜೂನ್‌ನಲ್ಲಿ ಗಿಡ ಸೊರಗುವುದಕ್ಕೆ ಇದೇ ಕಾರಣ.

ಅಂದಾಜಿಗೆ ಒಂದು ಸುಲಭ ಉಪಾಯವಿದೆ. ಒಂದು ರಜಾದಿನ ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ಎರಡು ಗಂಟೆಗೊಮ್ಮೆ, ಬಿಸಿಲು ಎಲ್ಲಿ ಬಿದ್ದಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆರು ಗಂಟೆ ಬಿಸಿಲು ಸಿಕ್ಕರೆ ಕಾಯಿಪಲ್ಲೆ ಬೆಳೆಯಬಹುದು. ಮೂರು ನಾಲ್ಕು ಗಂಟೆಯಾದರೆ ಸೊಪ್ಪು. ಅದೂ ಇಲ್ಲ, ಬೆಳಕು ಮಾತ್ರ ಇದೆ ಎಂದಾದರೆ ಪುದೀನ, ದೊಡ್ಡಪತ್ರೆ, ಒಂದೆಲಗ.

ಬೆಳಕಿನಿಂದ ಬೆಳೆ ಗೊತ್ತಾಯಿತು. ಮುಂದಿನದು ಭಾರ. ವಸತಿ ಕಟ್ಟಡಗಳ ಬಾಲ್ಕನಿ ಚದರ ಮೀಟರಿಗೆ ಕನಿಷ್ಠ ಸುಮಾರು 300 ಕಿಲೋ ಹೊರುವಂತಿರಬೇಕು ಎಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಚದರ ಅಡಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 28 ಕಿಲೋ. ಅಲ್ಲಿ ನಿಲ್ಲುವ ಜನ, ಇಟ್ಟಿರುವ ಸಾಮಾನು ಎಲ್ಲವೂ ಇದರೊಳಗೇ ಸೇರಬೇಕು. ಒಂದು ಅಡಿ ಅಗಲದ ಕುಂಡಕ್ಕೆ ಬರೀ ಕೆಂಪುಮಣ್ಣು ತುಂಬಿ ನೀರು ಹಾಕಿದರೆ ಅದೊಂದೇ 25 ಕಿಲೋ ತೂಗುತ್ತದೆ. ಅದೇ ಕುಂಡಕ್ಕೆ ಹಗುರ ಮಿಶ್ರಣ ತುಂಬಿದರೆ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದೊಡ್ಡ ಕುಂಡಗಳನ್ನು ಮನೆಯ ಗೋಡೆಗೆ ಒತ್ತಿದಂತೆ ಇಡಬೇಕು, ಹೊರಚಾಚಿನ ತುದಿಯಲ್ಲಿ ಸಾಲಾಗಿ ಪೇರಿಸಬಾರದು. ಕಟ್ಟೆಯ ಮೇಲೆ ಕುಂಡ ಇಡಲೇಬಾರದು. ಗಾಳಿಗೆ ಉರುಳಿ ಏಳನೇ ಅಂತಸ್ತಿನಿಂದ ಬಿದ್ದ ಸಣ್ಣ ಕುಂಡವೂ ಕೆಳಗಿನವರ ಜೀವ ತೆಗೆಯಬಲ್ಲದು. ಮಗುವಿರುವ ಮನೆಯಲ್ಲಿ ಕಂಬಿಯ ಬುಡಕ್ಕೂ ಕುಂಡ ಬೇಡ. ಅದು ಹತ್ತುವ ಮೆಟ್ಟಿಲಾಗುತ್ತದೆ.

ದಿಕ್ಕು ನೋಡಿದ್ದಾಯಿತು, ಭಾರ ಅಳೆದದ್ದಾಯಿತು. ಇನ್ನು ಕುಂಡ. ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಗ್ರೋ ಬ್ಯಾಗೋ ಎಂಬ ಚರ್ಚೆ ನಂತರದ್ದು. ಮೊದಲು ಬೇಕಾದದ್ದು ಆಳ. ಕೈಯಳತೆಯಲ್ಲಿ ಹೇಳುವುದಾದರೆ, ಮೆಂತ್ಯ, ಹರಿವೆ, ಪಾಲಕ್‌ಗಳಿಗೆ ಮುಕ್ಕಾಲು ಗೇಣು ಸಾಕು. ಮೆಣಸಿನಕಾಯಿ, ಬದನೆ, ಟೊಮೇಟೊ, ಬೆಂಡೆಗೆ ಒಂದು ಗೇಣಿನ ಮೇಲೆ ನಾಲ್ಕು ಬೆರಳು, ಅಂದರೆ ಒಂದು ಅಡಿ. ಕರಿಬೇವು, ನಿಂಬೆಯಂಥ ಬಹುಕಾಲ ನಿಲ್ಲುವ ಗಿಡಗಳಿಗೆ ಒಂದು ಮೊಳ. ಆಳ ಕಡಿಮೆಯಾದರೆ ಬೇರು ಗೋಡೆಗುಂಟ ಸುತ್ತಿಕೊಂಡು ಬಿಗಿಯುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಗಿಡ ಏಳುವುದಿಲ್ಲ.

ಮಣ್ಣಿನ ಕುಂಡ ತನ್ನ ಮೈಯಿಂದಲೂ ನೀರು ಆವಿಯಾಗಿಸುತ್ತದೆ. ಬೇರು ತಂಪಾಗಿರುತ್ತದೆ, ಆದರೆ ತೂಕ ಹೆಚ್ಚು, ನೀರೂ ಹೆಚ್ಚು ಬೇಕು. ಪ್ಲಾಸ್ಟಿಕ್ ಹಗುರ, ಆದರೆ ಕಪ್ಪು ಬಣ್ಣದ್ದು ಪಶ್ಚಿಮದ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಹಳೆಯ ಬಕೆಟ್, ಪೇಂಟ್ ಡಬ್ಬಿ, ಅಕ್ಕಿ ಚೀಲ ಯಾವುದಾದರೂ ಆದೀತು. ಪೇಂಟ್ ಡಬ್ಬಿಯನ್ನು ಮಾತ್ರ ಚೆನ್ನಾಗಿ ತೊಳೆದಿರಬೇಕು. ತಳದಲ್ಲಿ ಕಿರುಬೆರಳು ತೂರುವಷ್ಟು ದಪ್ಪದ ನಾಲ್ಕೈದು ತೂತು ಎಲ್ಲಕ್ಕೂ ಬೇಕು.

ತೂತಿನ ಜೊತೆಗೆ ಇನ್ನೊಂದು ರೂಢಿಯನ್ನು ನೋಡಬೇಕು. ನೀರು ಬಸಿಯಲೆಂದು ತಳಕ್ಕೆ ಎರಡು ಮೂರು ಅಂಗುಲ ಜಲ್ಲಿ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಅದರಿಂದ ಬಸಿಯುವಿಕೆ ಸುಧಾರಿಸುವುದಿಲ್ಲ. ಪಾತ್ರೆ ತಿಕ್ಕುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಅದನ್ನೇ ಉದ್ದುದ್ದ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಕುಂಡದ ಮಣ್ಣೂ ಹಾಗೆಯೇ. ತಳದ ಒಂದೆರಡು ಅಂಗುಲದಷ್ಟು ಮಣ್ಣು ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆಯ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಬರುತ್ತದೆ. ಕುಂಡದ ಆಳವೂ ಕಡಿಮೆಯಾಗುತ್ತದೆ. ಮಣ್ಣು ಸೋರಿಹೋಗದಂತೆ ತೂತಿನ ಮೇಲೆ ಒಂದು ಹಂಚಿನ ಚೂರು ಅಥವಾ ತೆಂಗಿನ ನಾರು ಮುಚ್ಚಿದರೆ ಸಾಕು.

ಆಳವಿರುವ, ತೂತಿರುವ ಕುಂಡ ಸಿದ್ಧವಾಯಿತು. ಅದರೊಳಗೆ ಏನು ತುಂಬಬೇಕು? ಹೊಲದ ಮಣ್ಣನ್ನು ಹಾಗೇ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿಯಾಗುತ್ತದೆ. ನೆಲದಲ್ಲಿ ಎರೆಹುಳು, ಇರುವೆ, ಹಳೆಯ ಬೇರಿನ ದಾರಿಗಳು ಮಣ್ಣನ್ನು ಸಡಿಲವಾಗಿ ಇಟ್ಟಿರುತ್ತವೆ. ಕುಂಡದಲ್ಲಿ ಆ ಕೆಲಸಗಾರರಿಲ್ಲ. ಅದಕ್ಕೇ ಸಡಿಲವಾದ ಮಿಶ್ರಣ ಬೇಕು. ಒಂದು ಬಾಂಡಲಿ ಕೆಂಪುಮಣ್ಣು, ಒಂದು ಬಾಂಡಲಿ ಕೋಕೋಪೀಟ್, ಒಂದು ಬಾಂಡಲಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ. ಇದರೊಂದಿಗೆ ಎರಡು ಹಿಡಿ ಬೇವಿನ ಹಿಂಡಿ. ಇಷ್ಟನ್ನು ಕಲಸಿ, ನೀರು ಚಿಮುಕಿಸಿ, ಒಂದು ವಾರ ಬಿಟ್ಟು ತುಂಬಿದರೆ ಹೆಚ್ಚಿನ ಬೆಳೆಗಳಿಗೆ ಒಪ್ಪುತ್ತದೆ.

ಕೋಕೋಪೀಟ್ ಎಂದರೆ ತೆಂಗಿನ ನಾರು ತೆಗೆಯುವಾಗ ಉದುರುವ ಪುಡಿ. ಅಂಗಡಿಯಲ್ಲಿ ಅದು ಒತ್ತಿದ ಇಟ್ಟಿಗೆಯ ರೂಪದಲ್ಲಿ ಸಿಗುತ್ತದೆ. ಐದು ಕಿಲೋ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದರೆ ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಇರಬಹುದು. ಎರಡು ಮೂರು ಸಲ ನೀರು ಬಸಿದು ತೊಳೆದ ನಂತರವೇ ಬಳಸಬೇಕು. ಗಿಡಕ್ಕೆ ಬೇಕಾದ ಸಾರ ಅದರಲ್ಲಿ ಬಹಳ ಕಡಿಮೆ. ಬರೀ ಕೋಕೋಪೀಟ್‌ನಲ್ಲಿ ನೆಟ್ಟ ಗಿಡ ಹಳದಿಯಾಗುವುದು ಇದರಿಂದಲೇ.

ಮಿಶ್ರಣ ಸಡಿಲವಾದಷ್ಟೂ ನೀರು ಬೇಗ ಆರುತ್ತದೆ. ಹಾಗಾಗಿ ಈಗ ನೀರಿನ ಮಾತು. ಬಾಲ್ಕನಿ ತೋಟದಲ್ಲಿ ಬಾಯಾರಿ ಸಾಯುವ ಗಿಡಗಳಂತೆಯೇ ನೀರು ಹೆಚ್ಚಾಗಿ ಸಾಯುವ ಗಿಡಗಳೂ ಬಹಳ. ಬೇರೂ ಉಸಿರಾಡಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರದು. ಗಿಡ ಬಾಡುತ್ತದೆ. ಬಾಡಿದ್ದನ್ನು ನೋಡಿ ಮನೆಯವರು ಇನ್ನಷ್ಟು ನೀರು ಸುರಿಯುತ್ತಾರೆ. ಆದ್ದರಿಂದ ಗಡಿಯಾರ ನೋಡಿ ನೀರು ಹಾಕಬಾರದು, ಬೆರಳು ಊರಿ ಹಾಕಬೇಕು. ತೋರುಬೆರಳಿನ ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಊರಿದಾಗ ಒಣಗಿದ್ದರೆ ನೀರು. ತೇವವಿದ್ದರೆ ನಾಳೆ. ಹಾಕುವಾಗ ತಳದ ತೂತಿನಿಂದ ನಾಲ್ಕು ಹನಿ ಹೊರಬರುವಷ್ಟು ಹಾಕಬೇಕು. ಮೇಲಿನ ಅಂತಸ್ತುಗಳಲ್ಲಿ ಗಾಳಿ ಜೋರು. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿನ ಸಣ್ಣ ಕುಂಡಗಳಿಗೆ ದಿನಕ್ಕೆರಡು ಸಲ ನೀರು ಬೇಕಾಗಬಹುದು. ಮಣ್ಣಿನ ಮೇಲೆ ಒಣ ಎಲೆ ಹಾಸಿದರೆ ತೇವ ಉಳಿಯುತ್ತದೆ.

ಯಾವ ನೀರು ಎಂಬುದೂ ಮುಖ್ಯ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರವಾದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಇವೇ ಹತ್ತು ಕುಂಡಗಳ ದೊಡ್ಡ ಪಾಲನ್ನು ತೂಗಿಸುತ್ತವೆ. ಸೋಪಿನ ನೀರು, ಉಪ್ಪು ಬೆರೆತ ನೀರು ಬೇಡ. ನೀರು ಶುದ್ಧೀಕರಿಸುವ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೊಂದೇ ದಿನಾ ಹಾಕಬಾರದು, ಬೇರೆ ನೀರಿನೊಂದಿಗೆ ಬೆರೆಸಿ ಅಪರೂಪಕ್ಕೆ ಬಳಸಬಹುದು. ಬೋರ್‌ವೆಲ್ಲಿನ ಗಡಸು ನೀರಿನಿಂದಲೂ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಆ ಪೊರೆ ಕೆರೆದು ತೆಗೆದು, ಮಳೆ ಬಂದಾಗ ಕುಂಡವನ್ನು ಹನಿ ಬೀಳುವಲ್ಲಿಗೆ ಸರಿಸಿದರೆ ಲವಣ ತೊಳೆದುಹೋಗುತ್ತದೆ.

ಕುಂಡದ ಕೆಳಗೆ ತಟ್ಟೆ ಇಡುವುದು ಕೆಳಮನೆಯವರೊಂದಿಗಿನ ಸ್ನೇಹಕ್ಕೆ ಅಗತ್ಯ. ಅವರು ಒಣಹಾಕಿದ ಬಟ್ಟೆಯ ಮೇಲೆ ಕೆಂಪುನೀರು ಬಿದ್ದರೆ ತೋಟ ನಿಲ್ಲಿಸಬೇಕಾದೀತು. ಆದರೆ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ನೀರು ಹಾಕಿದ ಅರ್ಧ ಗಂಟೆಗೆ ತಟ್ಟೆ ಬರಿದು ಮಾಡುವುದು ಒಳ್ಳೆಯದು. ವಾರಕ್ಕೊಮ್ಮೆ ಅದನ್ನು ತಿಕ್ಕಿ ತೊಳೆಯಲೇಬೇಕು.

ಬೆಳಕು, ಭಾರ, ಕುಂಡ, ಮಿಶ್ರಣ, ನೀರು ಇಷ್ಟು ಆಯಿತು. ಮುಂದೆ ಗೊಬ್ಬರ. ಪ್ರತಿಸಲ ನೀರು ಹಾಕಿದಾಗಲೂ ಸ್ವಲ್ಪ ಸಾರ ತಳದ ತೂತಿನಿಂದ ಹೊರಟುಹೋಗುತ್ತದೆ. ಆದ್ದರಿಂದ ಕುಂಡದ ಗಿಡಕ್ಕೆ ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕೊಡಬೇಕು. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಒಂದು ಬೊಗಸೆ ಕಾಂಪೋಸ್ಟನ್ನು ಮೇಲ್ಮಣ್ಣು ಕೆದಕಿ ಬೆರೆಸುವುದು ಸರಳ ಕ್ರಮ. ಹೂ ಬಿಡುವ ಹೊತ್ತಿಗೆ ಕಡಲೆಕಾಯಿ ಹಿಂಡಿ ಅಥವಾ ಹೊಂಗೆ ಹಿಂಡಿಯನ್ನು ನೀರಿನಲ್ಲಿ ಎರಡು ದಿನ ನೆನೆಸಿ, ತೆಳುವಾದ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಾಕಬಹುದು. ವಾಸನೆ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದನ್ನು ಮರೆಯುವಂತಿಲ್ಲ.

ಕಾಂಪೋಸ್ಟು ಅಡುಗೆಮನೆಯಲ್ಲೇ ಹುಟ್ಟುತ್ತದೆ. ಸಿಪ್ಪೆ, ಸೊಪ್ಪಿನ ದಂಟು, ಚಹಾದ ಚರಟ ಇವೆಲ್ಲ ಹಸಿ ಕಸ. ತೂತಿರುವ ಒಂದು ಮುಚ್ಚಳದ ಮಡಕೆಯಲ್ಲಿ ಒಂದು ಹಿಡಿ ಹಸಿ ಕಸಕ್ಕೆ ಒಂದು ಹಿಡಿ ಒಣ ಎಲೆ ಅಥವಾ ಕೋಕೋಪೀಟ್ ಮುಚ್ಚುತ್ತ ಹೋಗಬೇಕು. ಒಣದ್ದು ಕಡಿಮೆಯಾದರೆ ನಾರುತ್ತದೆ, ಹುಳ ಬೀಳುತ್ತದೆ. ಪ್ರಮಾಣ ಸರಿಯಿದ್ದರೆ ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ. ಅರೆಬರೆ ಕಳಿತದ್ದನ್ನು ಕುಂಡಕ್ಕೆ ಹಾಕಬಾರದು. ಅದು ಕುಂಡದೊಳಗೇ ಕಳಿಯುತ್ತ ಗಿಡದ ಪಾಲಿನ ಸಾರಜನಕವನ್ನು ತಾನೇ ತಿನ್ನುತ್ತದೆ.

ಬೇರಿಗೆ ಬೇಕಾದದ್ದೆಲ್ಲ ಒದಗಿತು. ಇನ್ನು ಯಾವ ಬೆಳೆ, ಯಾವ ಕ್ರಮದಲ್ಲಿ ಎಂಬುದು. ಹೊಸಬರಿಗೆ ಮೊದಲ ಬೆಳೆ ಮೆಂತ್ಯ. ಅಡುಗೆಮನೆಯ ಡಬ್ಬಿಯ ಕಾಳೇ ಬೀಜ. ರಾತ್ರಿ ನೆನೆಸಿ ಬೆಳಗ್ಗೆ ಚೆಲ್ಲಿದರೆ ಮೂರು ನಾಲ್ಕು ದಿನಕ್ಕೆ ಮೊಳಕೆ, ಮೂರು ನಾಲ್ಕು ವಾರಕ್ಕೆ ಸೊಪ್ಪು. ಕೊತ್ತಂಬರಿಗೆ ತಾಳ್ಮೆ ಬೇಕು. ಧನಿಯಾ ಕಾಳನ್ನು ಎರಡಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕು. ಮೊಳೆಯಲು ಹತ್ತು ದಿನ, ಕೊಯ್ಲಿಗೆ ಐದಾರು ವಾರ. ಹರಿವೆ, ಪಾಲಕ್, ಸಬ್ಬಸಿಗೆ ಸುಮಾರು ಒಂದು ತಿಂಗಳಿನಿಂದ ಆರು ವಾರದ ಬೆಳೆಗಳು. ಪುದೀನಕ್ಕೆ ಬೀಜವೇ ಬೇಡ. ಅಡುಗೆಗೆ ಎಲೆ ಬಿಡಿಸಿಕೊಂಡ ಕಡ್ಡಿಯನ್ನು ಊರಿದರೆ ಚಿಗುರುತ್ತದೆ. ಬಸಳೆಯ ಕಡ್ಡಿಯೂ ಹಾಗೆಯೇ, ಅದಕ್ಕೆ ಹಬ್ಬಲು ಕಂಬಿ ಬೇಕು ಅಷ್ಟೆ.

ಎರಡನೇ ಹಂತ ಕಾಯಿಪಲ್ಲೆ. ಇವುಗಳಲ್ಲಿ ಮೆಣಸಿನಕಾಯಿ ಎಲ್ಲಕ್ಕಿಂತ ಸುಲಭ. ಬೆಂಡೆ ಬಿತ್ತಿದ ಸುಮಾರು 50 ದಿನಕ್ಕೆ ಕಾಯಿ ಕೊಡುತ್ತದೆ. ಟೊಮೇಟೊ ಸಸಿ ನೆಟ್ಟ ಎರಡು ಎರಡೂವರೆ ತಿಂಗಳಿಗೆ ಹಣ್ಣಾಗುತ್ತದೆ. ಬೀಜ ಆರಿಸುವಾಗ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ನೋಡಬಹುದು. ಅವುಗಳ ಹೆಸರು ‘ಅರ್ಕಾ’ ಎಂದು ಶುರುವಾಗುತ್ತದೆ. ಹರಿವೆಯಲ್ಲಿ ಅರ್ಕಾ ಸುಗುಣ ಮತ್ತೆ ಮತ್ತೆ ಕೊಯ್ಯಬಹುದಾದ ತಳಿ. ಹುರುಳಿಕಾಯಿಯಲ್ಲಿ ಅರ್ಕಾ ಕೋಮಲ್ ಹಬ್ಬದೆ ಪೊದೆಯಾಗಿ ಬೆಳೆಯುತ್ತದೆ, ಬಾಲ್ಕನಿಗೆ ಅನುಕೂಲ. ಟೊಮೇಟೊದಲ್ಲಿ ಅರ್ಕಾ ರಕ್ಷಕ್ ಎಲೆಮುಟುರು ಸೇರಿದಂತೆ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆ.

ಹೂ ಬಿಟ್ಟೂ ಕಾಯಿ ಕಚ್ಚದಿದ್ದರೆ ಕಾರಣ ಪರಾಗಸ್ಪರ್ಶವಿರಬಹುದು. ಎತ್ತರದ ಅಂತಸ್ತಿಗೆ ದುಂಬಿಗಳು ಬರುವುದು ಕಡಿಮೆ. ಟೊಮೇಟೊ, ಬದನೆ, ಮೆಣಸಿನ ಗಿಡಗಳಲ್ಲಿ ಗಂಡು ಹೆಣ್ಣು ಭಾಗಗಳು ಒಂದೇ ಹೂವಿನಲ್ಲಿವೆ. ಬೆಳಗಿನ ಹೊತ್ತು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಹಾಗಲ, ಸೌತೆ, ಹೀರೆಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುವುದು ಹೆಣ್ಣು. ಗಂಡು ಹೂವನ್ನು ಕಿತ್ತು ಅದಕ್ಕೆ ಸೋಕಿಸಬೇಕು. ಹಾಗಲ, ಸೌತೆಗೆ ಬೆಳಗ್ಗೆ. ಹೀರೆ ಅರಳುವುದು ಸಂಜೆ, ಆದ್ದರಿಂದ ಅದಕ್ಕೆ ಸಂಜೆ.

ಬೆಳೆ ಬಂತೆಂದರೆ ಕೀಟವೂ ಬರುತ್ತದೆ. ದಾಸವಾಳ, ಬದನೆಯ ಎಳೆ ಕುಡಿಯಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿಕೊಳ್ಳುವುದು ಹಿಟ್ಟುತಿಗಣೆ. ಕುಂಡದಲ್ಲಿ ಇರುವೆ ಸಾಲು ಕಂಡರೆ ಹಿಟ್ಟುತಿಗಣೆ ಅಥವಾ ಸಸ್ಯಹೇನು ಸೇರಿದೆಯೇ ಎಂದು ನೋಡಬೇಕು. ಇರುವೆಗಳು ಅವುಗಳ ಸಿಹಿ ದ್ರವಕ್ಕಾಗಿ ಅವನ್ನು ಕಾಯುತ್ತವೆ. ಎಲೆಯ ಅಡಿಯಿಂದ ಬಿಳಿಯ ಪುಟ್ಟ ಹುಳು ಹಾರಿದರೆ ಅದು ಬಿಳಿನೊಣ, ಟೊಮೇಟೊದ ಮುಟುರು ರೋಗವನ್ನು ಹರಡುವುದು ಅದೇ. ನಾಲ್ಕಾರು ಗಿಡವಿರುವಲ್ಲಿ ಮೊದಲ ಔಷಧ ಕೈ ಮತ್ತು ನೀರು. ಕಂಡದ್ದನ್ನು ಒರೆಸಿ, ಎಲೆಯ ಅಡಿಗೆ ನೀರು ಚಿಮ್ಮಿಸಬೇಕು. ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಬೇವಿನ ಎಣ್ಣೆ, ಅದು ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಸಂಜೆ ಸಿಂಪಡಿಸಬೇಕು, ಬಿಸಿಲಿನಲ್ಲಿ ಎಲೆ ಸುಡುತ್ತದೆ. ಪಾರಿವಾಳಕ್ಕೆ ಔಷಧವಿಲ್ಲ, ಬಲೆಯೇ ಗತಿ.

ಕೊನೆಯದು ಕಾಲ. ಇದುವರೆಗಿನ ಕೆಲಸಗಳೆಲ್ಲ ಬೆಂಗಳೂರಿನ ತಿಂಗಳುಗಳಿಗೆ ಹೊಂದಿಕೊಳ್ಳಬೇಕು. ಜೂನ್, ಜುಲೈಯಲ್ಲಿ ಮೋಡ, ಗಾಳಿ. ಸಸಿ ಮಾಡಿಕೊಳ್ಳಲು, ಕಡ್ಡಿ ಊರಲು ಹೊಂದುವ ಸಮಯ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಹೆಚ್ಚು, ಅದರಲ್ಲೂ ಸೆಪ್ಟೆಂಬರ್‌ನಲ್ಲಿ. ಆಗ ತಳದ ತೂತು ಕಟ್ಟಿಕೊಂಡಿಲ್ಲವೇ ಎಂದು ನೋಡುತ್ತಿರಬೇಕು. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹದವಾದ ಚಳಿ ಕೊತ್ತಂಬರಿ, ಪಾಲಕ್, ಟೊಮೇಟೊಗೆ ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ಬೆಂಡೆ, ಹರಿವೆ, ಬಸಳೆ. ಪಶ್ಚಿಮದ ಬಾಲ್ಕನಿಗೆ ಆಗ ಹಸಿರು ನೆರಳುಬಲೆ ಬೇಕು. ಒಂದು ಬೆಳೆ ಮುಗಿದ ಮೇಲೆ ಕುಂಡದ ಮಣ್ಣನ್ನು ಸುರುವಿ, ಹಳೆ ಬೇರು ತೆಗೆದು, ಎರಡು ದಿನ ಬಿಸಿಲಿಗೆ ಹರಡಿ, ಮೂರರಲ್ಲಿ ಒಂದು ಪಾಲು ಹೊಸ ಕಾಂಪೋಸ್ಟ್ ಸೇರಿಸಬೇಕು. ಟೊಮೇಟೊ ಬೆಳೆದ ಮಣ್ಣಿಗೆ ಮತ್ತೆ ಟೊಮೇಟೊ, ಬದನೆ, ಮೆಣಸು ಬೇಡ. ಸೊಪ್ಪು ಅಥವಾ ಹುರುಳಿಕಾಯಿ ಹಾಕಿದರೆ ರೋಗ ಮುಂದುವರಿಯುವ ಸಂಭವ ಕಡಿಮೆ.

ಐವತ್ತು ಚದರ ಅಡಿಯ ಬಾಲ್ಕನಿ ನಾಲ್ಕು ಮಂದಿಯ ಮನೆಗೆ ಪೂರ್ತಿ ತರಕಾರಿ ಕೊಡಲಾರದು. ವಾರಕ್ಕೆ ಒಂದೆರಡು ಸಲದ ಸೊಪ್ಪು, ಒಗ್ಗರಣೆಗೆ ಕರಿಬೇವು, ಚಟ್ನಿಗೆ ಪುದೀನ, ಕೊತ್ತಂಬರಿ, ದಿನದ ಹಸಿಮೆಣಸಿನಕಾಯಿ ಇಷ್ಟನ್ನು ಕೊಡಬಲ್ಲದು. ಹೊಸದಾಗಿ ತೊಡಗುವವರು ಐದು ಕುಂಡದಿಂದ ಆರಂಭಿಸಲಿ. ಮೂರರಲ್ಲಿ ಸೊಪ್ಪು, ಒಂದರಲ್ಲಿ ಪುದೀನ, ಒಂದರಲ್ಲಿ ಮೆಣಸಿನಕಾಯಿ. ಆ ಐದರ ಬೇರಿಗೆ ಏನು ಬೇಕೆಂದು ಒಂದು ವರ್ಷ ನೋಡಿ ಕಲಿತ ಮೇಲೆ ಆರನೆಯ ಕುಂಡ ತಂದರೆ ಸಾಕು.